ಬೋರ್ ನೀರು, ನಲ್ಲಿ ನೀರು: ಕೆಮಿಸ್ಟ್ ಜೊತೆ ಪ್ರಶ್ನೋತ್ತರ

ಕೆಮಿಸ್ಟ್: ಎಲ್ಲರಿಗೂ ನಮಸ್ಕಾರ. ಯಾದಗಿರಿ, ಕಲಬುರಗಿ ಕಡೆ ಹದಿನಾಲ್ಕು ವರ್ಷದಿಂದ ಕುಡಿಯುವ ನೀರು ಪರೀಕ್ಷೆ ಮಾಡುತ್ತಿದ್ದೇನೆ. ಕೇಳಿ. ರಿಪೋರ್ಟ್ ಇದ್ದರೆ ಫೋಟೊ ಹಾಕಿ.

ಶಹಾಪುರದಿಂದ: ಸರ್, ಹೊಸ ನಲ್ಲಿ ನೀರಿಗೆ ಬ್ಲೀಚಿಂಗ್ ವಾಸನೆ. ಕುಡಿಯಬಹುದಾ?

ಕೆಮಿಸ್ಟ್: ಕುಡಿಯಬಹುದು. ಅದು ಕ್ರಿಮಿ ಕೊಲ್ಲಲು ಹಾಕುವ ಕ್ಲೋರಿನ್ ವಾಸನೆ; ಊರ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊಡದ ಬಾಯಿ ತೆರೆದು ಸ್ವಲ್ಪ ಹೊತ್ತು ಇಡಿ, ವಾಸನೆ ಇಳಿಯುತ್ತದೆ.

ಸುರಪುರದಿಂದ: ಸರ್, ನನ್ನ ತಂಗಿಯ ಮಗುವಿಗೆ ಮೂರು ತಿಂಗಳು. ಎದೆಹಾಲು ಸಾಲದೆ ಡಬ್ಬಿ ಪುಡಿ ಕೊಡುತ್ತೇವೆ. ಬೋರ್ ನೀರನ್ನ ಇಪ್ಪತ್ತು ನಿಮಿಷ ಕುದಿಸಿ ಕಲಸುತ್ತೇವೆ. ರಿಪೋರ್ಟಿನಲ್ಲಿ ನೈಟ್ರೇಟ್ 112 ಅಂತಿದೆ. ಕುದಿಸಿದ ಮೇಲೆ ತೊಂದರೆ ಇಲ್ಲ ಅಲ್ವಾ? ಫೋಟೊ ಹಾಕಿದ್ದೇನೆ.

ಕೆಮಿಸ್ಟ್: ಅಕ್ಕಾ, ಆ ನೀರನ್ನು ಮಗುವಿಗೆ ಈಗಲೇ ನಿಲ್ಲಿಸಿ. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಎಲ್ಲೂ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಪಾತ್ರೆಯಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಮಕ್ಕಳ ಹೊಟ್ಟೆಯಲ್ಲಿ ಅದು ನೈಟ್ರೈಟ್ ಎಂಬ ಬೇರೆ ವಸ್ತುವಾಗಿ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ತುಟಿ, ಉಗುರು ನೀಲಿಯಾಗಿದೆಯಾ ನೋಡಿ. ನೀಲಿ ಕಂಡರೆ, ಮಗು ಮಂಕಾಗಿದ್ದರೆ, ಈ ರಿಪೋರ್ಟ್ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಎದೆಹಾಲು ಎಷ್ಟು ಬಂದರೂ ಬಿಡಿಸಬೇಡಿ. ಪುಡಿ ಕಲಸಲು ನೈಟ್ರೇಟ್ ಪರೀಕ್ಷೆ ಆಗಿರುವ ಆರ್‌ಒ (ಕರಗಿದ್ದನ್ನೂ ಸೋಸುವ ಯಂತ್ರದ) ನೀರು ತನ್ನಿ. ಫೋಟೊದಲ್ಲಿ ಬೋರ್ ಕಟ್ಟೆ ಒಡೆದು, ಬಿರುಕಿನಲ್ಲಿ ತಿಪ್ಪೆಯ ಕಪ್ಪು ನೀರು ಇಳಿದ ಗುರುತು ಕಾಣುತ್ತಿದೆ. ನೈಟ್ರೇಟ್ ಅಲ್ಲಿಂದಲೇ ಬರುತ್ತಿರಬಹುದು, ಮೊದಲು ತಿಪ್ಪೆ ದೂರ ಹಾಕಿಸಿ.

ಸೇಡಂನಿಂದ: ಫಾರ್ವರ್ಡ್ ಬಂದಿದೆ: ತಾಮ್ರದ ಕೊಡದಲ್ಲಿ ತುಳಸಿ ಹಾಕಿ ರಾತ್ರಿ ಇಟ್ಟರೆ ಫ್ಲೋರೈಡ್, ನೈಟ್ರೇಟ್ ಎರಡೂ ಹೋಗುತ್ತವೆ.

ಕೆಮಿಸ್ಟ್: ಹೋಗಲ್ಲ. ಮೇಲೆ ಒಂದು ಕೂಸಿನ ವಿಷಯ ನಡೆದಿದೆ. ಅವರು ಇದನ್ನ ನಂಬಿದರೆ? ದಯವಿಟ್ಟು ಅಳಿಸಿ.

ಸೇಡಂನಿಂದ: ನಮ್ಮ ಅಜ್ಜಿ ತಾಮ್ರದ ಕೊಡದ ನೀರು ಕುಡಿದೇ 90 ವರ್ಷ ಬದುಕಿದಳು.

ಕೆಮಿಸ್ಟ್: ಅಜ್ಜಿ ಕುಡಿದದ್ದು ತೆರೆದ ಬಾವಿ ನೀರು. ನೀವು ಕುಡಿಯುತ್ತಿರುವುದು ಆಳದ ಬೋರ್ ನೀರು, ಕಲ್ಲಿನ ಫ್ಲೋರೈಡ್ ಕರಗಿರುವ ನೀರು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕಂದು ಗೆರೆ ಬೀಳುತ್ತದೆ, ತೊಳೆದರೆ ಹೋಗುವುದಿಲ್ಲ.

ಅಫಜಲಪುರದಿಂದ: ಊರೂರಿಗೆ ಭೀಮಾ ನದಿ ನೀರು ಕೊಟ್ಟರೆ ಈ ಗೋಳೇ ಇಲ್ಲ.

ಜೇವರ್ಗಿಯಿಂದ: ಬೇಸಿಗೆಯಲ್ಲಿ ಭೀಮಾ ಎಲ್ಲಿದೆ? ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಡಬೇಕು. ಬಂದದ್ದನ್ನೂ ನೀವು ಸೊನ್ನ ಬ್ಯಾರೇಜ್ ಹತ್ತಿರ ಕಬ್ಬಿಗೆ ಎತ್ತುತ್ತೀರಿ.

ಅಫಜಲಪುರದಿಂದ: ರೈತರ ಮೇಲೆ ಯಾಕೆ ಬರುತ್ತೀರಿ? ಸರಡಗಿ ಬ್ಯಾರೇಜಿನಿಂದ ಕಲಬುರಗಿ ಸಿಟಿಗೆ ಹೋಗುವುದು ಲೆಕ್ಕಕ್ಕಿಲ್ವಾ?

ಜೇವರ್ಗಿಯಿಂದ: ಅದು ಕುಡಿಯಲಿಕ್ಕೆ ರೀ! ಸುಮ್ನೆ ಮಾತಾಡಬೇಡಿ.

ಕೆಮಿಸ್ಟ್: ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 3,000 ಜನರ ಊರಿಗೆ 1.65 ಲಕ್ಷ ಲೀಟರ್. ಒಂದು ಎಕರೆ ಕಬ್ಬಿಗೆ ಒಮ್ಮೆ ಎರಡು ಇಂಚು ನೀರು ನಿಲ್ಲಿಸಿದರೆ ಎರಡು ಲಕ್ಷ ದಾಟುತ್ತದೆ. ಜಗಳ ಬೇರೆ ಕಡೆ ಮಾಡಿ.

ಚಿತ್ತಾಪುರದಿಂದ: ಆರ್‌ಒ ಘಟಕದ ವೇಸ್ಟ್ ನೀರು ರಸ್ತೆ ಮೇಲೇ ಹರಿಯುತ್ತದೆ. ಗಿಡಕ್ಕೆ ಹಾಕಬಹುದಾ?

ಗುರುಮಠಕಲ್‌ನಿಂದ: ಸರ್, ನಲ್ಲಿ ನೀರಲ್ಲಿ ಬ್ಲೀಚಿಂಗ್ ವಾಸನೆ...

ಕೆಮಿಸ್ಟ್: ಮೇಲೆ ಬರೆದಿದ್ದೇನೆ. ಓದಿ.

ಅಫಜಲಪುರದಿಂದ: ಎರಡು ಇಂಚು ಯಾರು ಹೇಳಿದರು? ನಮ್ಮದು ಡ್ರಿಪ್.

ಜೇವರ್ಗಿಯಿಂದ: ಎಷ್ಟು ಜನರದ್ದು ಡ್ರಿಪ್? ಹೇಳಿ ನೋಡೋಣ.

ಸುರಪುರದಿಂದ: ಸರ್, ಉಗುರು ನೋಡಿದೆ, ಕೆಂಪಗಿದೆ. ಆರ್‌ಒ ನೀರು ತರಲು ತಮ್ಮ ಹೋಗಿದ್ದಾನೆ. ಪಕ್ಕದ ಮನೆಯಲ್ಲೂ ಎರಡು ತಿಂಗಳ ಕೂಸಿದೆ, ಅವರದ್ದೂ ಇದೇ ಬೋರ್.

ಕೆಮಿಸ್ಟ್: ಫೋನ್ ಇಟ್ಟು ಈಗಲೇ ಹೋಗಿ ಹೇಳಿ ಅಕ್ಕಾ.