ಬಯಾಪ್ಸಿ ನಾರ್ಮಲ್, ಸಿಟಿಯಲ್ಲಿ ಗೆಡ್ಡೆ: ಜಿಸ್ಟ್ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 61 ವರ್ಷ. ಮಲ ಡಾಂಬರಿನಂತೆ ಕಪ್ಪಗಾಗಿದೆ, ಹಿಮೋಗ್ಲೋಬಿನ್ 7.4. ಎಂಡೋಸ್ಕೋಪಿಯಲ್ಲಿ ಜಠರದೊಳಗೆ ನುಣುಪಾದ ಉಬ್ಬು, ಅದರ ನೆತ್ತಿಯಲ್ಲಿ ಸಣ್ಣ ಹುಣ್ಣು. ಬಯಾಪ್ಸಿಯಲ್ಲಿ ಬರೀ ಗ್ಯಾಸ್ಟ್ರೈಟಿಸ್. ಸಿಟಿಯಲ್ಲಿ ಮಾತ್ರ 6.5 ಸೆಂ.ಮೀ. ಗೆಡ್ಡೆ, ‘ಜಿಸ್ಟ್ ಇರಬಹುದು’ ಅಂತಿದೆ. ಯಾವುದನ್ನು ನಂಬೋದು?

ಉತ್ತರ (ಸರ್ಜಿಕಲ್ ಆಂಕಾಲಜಿ): ಎರಡನ್ನೂ ನಂಬಿ. ಜಿಸ್ಟ್ ಅಂದ್ರೆ ಜಠರ, ಕರುಳಿನ ಗೋಡೆಯಲ್ಲಿ ಬೆಳೆಯುವ, ಕ್ಯಾನ್ಸರ್ ಆಗಬಲ್ಲ ಒಂದು ಬಗೆಯ ಗೆಡ್ಡೆ. ಅದು ಹುಟ್ಟುವುದು ಜಠರದ ಒಳಪೊರೆಯಲ್ಲಲ್ಲ, ಅದರಡಿಯ ಗೋಡೆಯಲ್ಲಿ, ಹೆಚ್ಚಾಗಿ ಸ್ನಾಯುಪದರದಲ್ಲಿ. ಎಂಡೋಸ್ಕೋಪಿಯ ಚಿಮುಟ ಕಚ್ಚಿ ತರುವುದು ಮೇಲಿನ ಪೊರೆಯನ್ನಷ್ಟೇ. ಹಾಗಾಗಿ ಆ ಬಯಾಪ್ಸಿ ನಾರ್ಮಲ್ ಬಂದರೆ ಗೆಡ್ಡೆ ಇಲ್ಲ ಅಂತ ಅರ್ಥವಲ್ಲ, ಚಿಮುಟ ಅದನ್ನು ಮುಟ್ಟಿಲ್ಲ ಅಂತ. ಮುಂದಿನ ಹೆಜ್ಜೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಜಠರದ ಒಳಗಿನಿಂದಲೇ ಸೂಜಿ ಹಾಕಿ ಚೂರು ತೆಗೆಯುತ್ತಾರೆ. ಹೊಟ್ಟೆಯ ಚರ್ಮದ ಮೂಲಕ ಸೂಜಿ ಹಾಕಿಸುವುದನ್ನು ಆದಷ್ಟು ತಪ್ಪಿಸಿ. ಈ ಗೆಡ್ಡೆ ಮೆತ್ತಗಿರುತ್ತದೆ, ರಕ್ತ ತುಂಬಿರುತ್ತದೆ. ಒಡೆದು ಹೊಟ್ಟೆಯೊಳಗೆ ಚೆಲ್ಲಿದರೆ ಮರುಕಳಿಸುವ ಅಪಾಯ ಬಹಳ ಏರುತ್ತದೆ. ಸುಲಭವಾಗಿ ತೆಗೆಯಬಹುದಾದ ಗೆಡ್ಡೆಯಾದರೆ ಬಯಾಪ್ಸಿ ಇಲ್ಲದೆ ನೇರ ಆಪರೇಷನ್‌ಗೂ ಹೋಗಬಹುದು. ಇಮಾಟಿನಿಬ್ ಎಂಬ ಮಾತ್ರೆ ಕೊಟ್ಟು ಮೊದಲು ಕುಗ್ಗಿಸಬೇಕೆಂದಿದ್ದರೆ ಮಾತ್ರ ಬಯಾಪ್ಸಿ ಬೇಕೇಬೇಕು.

ಉತ್ತರ (ಪೆಥಾಲಜಿ): ರಿಪೋರ್ಟ್ ಬಂದಾಗ ಜಿಸ್ಟ್ ಗುರುತಿಸುವ ಸಿಡಿ117, ಡಾಗ್1 ಪರೀಕ್ಷೆ ಎರಡೂ ಮಾಡಿದ್ದಾರಾ ನೋಡಿ. ನಂತರ ಮೈಟೋಸಿಸ್ ಎಣಿಕೆ, ಅಂದ್ರೆ ವಿಭಜನೆಯಾಗುತ್ತಿರುವ ಕೋಶಗಳ ಲೆಕ್ಕ. ಇದು 5 ಚದರ ಮಿ.ಮೀ.ಗೆ ಎಷ್ಟು ಅಂತ ಇರಬೇಕು. ಹಳೆಯ ರೂಢಿಯಂತೆ ‘50 ಎಚ್‌ಪಿಎಫ್’ (ಮೈಕ್ರೋಸ್ಕೋಪಿನ 50 ನೋಟಕ್ಷೇತ್ರ, ಅಂದ್ರೆ ಫೀಲ್ಡ್) ಅಂತ ಬರೆದಿದ್ದರೆ ವಿಚಾರಿಸಿ. ಈಗಿನ ಮೈಕ್ರೋಸ್ಕೋಪಿನಲ್ಲಿ 20-25 ಫೀಲ್ಡಿಗೇ 5 ಚದರ ಮಿ.ಮೀ. ಮುಗಿಯುತ್ತದೆ, 50 ಎಣಿಸಿದರೆ ಲೆಕ್ಕ ಸುಮಾರು ಎರಡು ಪಟ್ಟಾಗುತ್ತದೆ. ಈ ಒಂದು ಅಂಕಿ ಎಷ್ಟು ಮುಖ್ಯ ಅಂದ್ರೆ, ಜಠರದ 5ರಿಂದ 10 ಸೆಂ.ಮೀ. ಗೆಡ್ಡೆಯಲ್ಲಿ ಎಣಿಕೆ 5 ಅಥವಾ ಕಡಿಮೆ ಇದ್ದರೆ ರೋಗ ಹರಡುವ ಸಾಧ್ಯತೆ ಶೇ. 3-4, 5 ದಾಟಿದರೆ ಶೇ. 55ರಷ್ಟು. ಅದೇ ಗಾತ್ರ ಸಣ್ಣಕರುಳಲ್ಲಿದ್ದರೆ ಶೇ. 24 ಮತ್ತು 85. ಪ್ಯಾರಾಫಿನ್ ಬ್ಲಾಕ್ (ಗೆಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಗಟ್ಟಿ) ಜೋಪಾನವಾಗಿ ಇಟ್ಟುಕೊಳ್ಳಿ, ಮ್ಯುಟೇಷನ್ ಟೆಸ್ಟ್ (ಗೆಡ್ಡೆಯ ಜೀನಿನಲ್ಲಿ ಏನು ಬದಲಾಗಿದೆ ಎಂಬ ಪರೀಕ್ಷೆ) ಆಗೋದು ಅದರಿಂದಲೇ.

ಪ್ರಶ್ನೆ: ಮೇಡಂ, ಮ್ಯುಟೇಷನ್ ಟೆಸ್ಟ್ ಬೇಕೇ? ಮಾತ್ರೆ ಹೇಗೂ ಒಂದೇ ಅಲ್ವಾ? ಇಡೀ ಜಠರ ತೆಗೀತಾರಾ?

ಉತ್ತರ (ಸರ್ಜಿಕಲ್ ಆಂಕಾಲಜಿ): ಸಾಮಾನ್ಯವಾಗಿ ಇಡೀ ಜಠರ ತೆಗೆಯೋದಿಲ್ಲ. ಗೆಡ್ಡೆಯ ಸುತ್ತಲಿನ ಸ್ವಲ್ಪ ಅಂಚನ್ನೂ ಸೇರಿಸಿ ಕತ್ತರಿಸಿ, ಹಿಂಡದೆ, ಚೀಲದೊಳಗಿಟ್ಟು ಹೊರತೆಗೆಯುತ್ತೇವೆ. ಎಳೆಯರಲ್ಲಿ ಹೆಚ್ಚು ಕಾಣುವ ಎಸ್‌ಡಿಎಚ್ ಬಗೆಯನ್ನು (ಆ ಹೆಸರಿನ ಕಿಣ್ವ ಕೆಲಸ ಮಾಡದ ಜಿಸ್ಟ್) ಬಿಟ್ಟರೆ ಲಿಂಫ್ ಗ್ರಂಥಿ ತೆಗೆಯುವ ಅಗತ್ಯವಿಲ್ಲ.

ಮ್ಯುಟೇಷನ್ ಟೆಸ್ಟ್ ಬಿಡಬೇಡಿ. ಕಿಟ್ ಜೀನಿನ ಎಕ್ಸಾನ್ 11 ಭಾಗದಲ್ಲಿ ಬದಲಾವಣೆ ಇದ್ದರೆ ಇಮಾಟಿನಿಬ್ ಚೆನ್ನಾಗಿ ಹಿಡಿಯುತ್ತದೆ. ಪಿಡಿಜಿಎಫ್‌ಆರ್‌ಎ ಜೀನಿನಲ್ಲಿ ಡಿ842ವಿ ಎಂಬ ಬದಲಾವಣೆ ಇದ್ದರೆ ಹಿಡಿಯುವುದಿಲ್ಲ. ಅಂಥವರಿಗೆ ಟೆಸ್ಟ್ ಮಾಡದೆ ಕೊಟ್ಟರೆ ಮೂರು ವರ್ಷ ಮಾತ್ರೆಯ ಕಷ್ಟ ಮಾತ್ರ ಉಳಿಯುತ್ತದೆ. ಮರುಕಳಿಸುವ ಹೈ ರಿಸ್ಕ್ ಇದ್ದು ಮ್ಯುಟೇಷನ್ ಅನುಕೂಲವಾಗಿದ್ದರೆ ದಿನಕ್ಕೆ 400 ಮಿ.ಗ್ರಾಂ., ಕನಿಷ್ಠ 3 ವರ್ಷ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಂತಿ. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳೋದು ಸಾಮಾನ್ಯ. ಆದರೆ ತೂಕ ದಿಢೀರನೆ ಏರಿದರೆ, ಉಸಿರು ಕಟ್ಟಿದರೆ ತಕ್ಷಣ ತೋರಿಸಿ. ಚಕೋತ ಹಣ್ಣು ಬೇಡ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇದ್ದರೆ ಮೊದಲೇ ಹೇಳಿ, ಅವು ಮಾತ್ರೆಯ ಮಟ್ಟ ಇಳಿಸುತ್ತವೆ. ಜೆನೆರಿಕ್ ಧೈರ್ಯವಾಗಿ ತಗೊಳ್ಳಿ. ಗ್ಲಿವೆಕ್ (ಇಮಾಟಿನಿಬ್‌ನ ಮೂಲ ಬ್ರ್ಯಾಂಡ್) ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ಆ ದಾರಿ ತೆರೆದೇ ಉಳಿಯಿತು.

ಪ್ರಶ್ನೆ (ಇನ್ನೊಬ್ಬರು): ನಮ್ಮ ಭಾವನಿಗೆ ಲಿವರ್‌ಗೆ ಹರಡಿದೆ. ಇಮಾಟಿನಿಬ್ ಶುರುವಾಗಿ 2 ತಿಂಗಳು, 8 ಸೆಂ.ಮೀ. ಗೆಡ್ಡೆ 8.5 ಆಗಿದೆ. ಮಾತ್ರೆ ನಿಲ್ಲಿಸಬೇಕಾ?

ಉತ್ತರ (ಮೆಡಿಕಲ್ ಆಂಕಾಲಜಿ): ನಿಲ್ಲಿಸಬೇಡಿ. ಹರಡಿದ ರೋಗದಲ್ಲಿ ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಕೋಶಗಳು ಸಾಯುವಾಗ ಗೆಡ್ಡೆಯೊಳಗೆ ನೀರು, ರಕ್ತ ತುಂಬಿ ಗಾತ್ರ ಕೊಂಚ ಹಿಗ್ಗಬಹುದು. ರೇಡಿಯಾಲಜಿಸ್ಟರ ಹತ್ತಿರ ಹೌನ್ಸ್‌ಫೀಲ್ಡ್ ಅಂಕಿ (ಸಿಟಿಯಲ್ಲಿ ಗೆಡ್ಡೆ ಎಷ್ಟು ದಟ್ಟವಾಗಿದೆ ಎಂಬ ಅಳತೆ) ಕೇಳಿ. 80 ಇದ್ದದ್ದು 50ಕ್ಕೆ ಇಳಿದಿದ್ದರೆ ಔಷಧ ಹಿಡಿದಿದೆ, ಶೇ. 15 ಇಳಿದರೂ ಸಾಕು. ಸಿಟಿಯಲ್ಲಿ ಕಪ್ಪಗೆ ಕಾಣುವ ಹಳೆಯ ಗೆಡ್ಡೆಯೊಳಗೆ ಹೊಸದಾಗಿ ಬಿಳಿ ಗಂಟು ಎದ್ದಿದ್ದರೆ ಚಿಂತೆಯ ವಿಷಯ. ಆಗ ಮೊದಲು ಮಾತ್ರೆ ತಪ್ಪದೆ ತಗೊಂಡಿದ್ದಾರಾ ವಿಚಾರಿಸಿ, ಡೋಸ್ 800ಕ್ಕೆ ಏರಿಸುವುದು, ಅದೂ ಸಾಲದಿದ್ದರೆ ಸುನಿಟಿನಿಬ್ ಎಂಬ ಇನ್ನೊಂದು ಔಷಧ. ಎರಡೂ ಸಿಟಿಯ ಸಿಡಿ ತನ್ನಿ, ಬರೀ ರಿಪೋರ್ಟ್ ಹಾಳೆ ಸಾಲದು.