ಕಂಪನಿಗಳ ಚುನಾವಣಾ ಖರ್ಚಿಗೆ ಕಡಿವಾಣ: 2016ರಲ್ಲಿ ನಾವು ಹಾಕಿದ ಓಟು ಏನಾಯಿತು?

ಸಿಯಾಟಲ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಿಟಿಜನ್ ಆದ ಮೇಲೆ ನಾನು ಮೊದಲು ಓಟು ಹಾಕಿದ್ದು 2016ರಲ್ಲಿ. ಆಗ ವಾಷಿಂಗ್ಟನ್ ರಾಜ್ಯದ ಬ್ಯಾಲೆಟ್‌ನಲ್ಲಿ ಇನಿಶಿಯೇಟಿವ್ 735 ಇತ್ತು. ಸಂವಿಧಾನದ ಹಕ್ಕುಗಳು ಮನುಷ್ಯರಿಗೆ ಮಾತ್ರ, ಕಂಪನಿಗಳಿಗಲ್ಲ ಅಂತ ತಿದ್ದುಪಡಿ ತನ್ನಿ ಎಂದು ನಮ್ಮ ಸಂಸದರನ್ನು ಕೇಳುವ ಪ್ರಸ್ತಾಪ. ನೂರಕ್ಕೆ ಅರವತ್ತಕ್ಕೂ ಜಾಸ್ತಿ ಜನ ಒಪ್ಪಿದರು. ಆದರೆ ಇವತ್ತಿಗೂ ಚುನಾವಣೆ ಬಂತೆಂದರೆ ಅಂಚೆಡಬ್ಬಿ ತುಂಬಾ ಬಣ್ಣದ ಕಾರ್ಡುಗಳು, ಕೆಳಗೆ ಸಣ್ಣಕ್ಷರದಲ್ಲಿ ಯಾವತ್ತೂ ಕೇಳಿರದ ಕಮಿಟಿಗಳ ಹೆಸರು. ಸಂವಿಧಾನಕ್ಕೇ ಕೈ ಹಾಕಬೇಕಾ? ಮಾಮೂಲಿ ಕಾನೂನು ಸಾಲದಾ?

ಬಳ್ಳಾರಿ ಹುಡುಗ:
ಕಾನೂನು ಇತ್ತು ಮೇಡಂ. ಅದನ್ನು ಕೋರ್ಟೇ ಹೊಡೆದುಹಾಕಿತು. ಫೆಡರಲ್ ಚುನಾವಣೆಯಲ್ಲಿ ಕಂಪನಿ ಅಭ್ಯರ್ಥಿಯ ಕೈಗೇ ದುಡ್ಡು ಕೊಡುವ ಹಾಗಿಲ್ಲ. 1907ರ ಆ ನಿಷೇಧ ಈಗಲೂ ಇದೆ. ಆದರೆ ಅಭ್ಯರ್ಥಿಯ ಜತೆ ಸೇರಿಕೊಳ್ಳದೆ ತಾನಾಗಿ ಪ್ರಚಾರಕ್ಕೆ ಎಷ್ಟು ಸುರಿದರೂ ಅದು ವಾಕ್ ಸ್ವಾತಂತ್ರ್ಯ ಅಂತ ಅಮೆರಿಕದ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಹೇಳಿತು, 5-4ರಲ್ಲಿ.

ನಾನು ಓದಿದ್ದು ಮಾಂಟಾನಾ ರಾಜ್ಯದ ಬ್ಯೂಟ್‌ನಲ್ಲಿ, ಗಣಿ ಎಂಜಿನಿಯರಿಂಗ್. ತಾಮ್ರದ ಊರು. ವಿಲಿಯಂ ಕ್ಲಾರ್ಕ್ ಎಂಬ ಗಣಿ ಧಣಿಯ 34 ಕೋಣೆಗಳ ಇಟ್ಟಿಗೆ ಬಂಗಲೆ ಇನ್ನೂ ಅಲ್ಲಿದೆ. ಆಗ ಸೆನೆಟರನ್ನು, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆ ಸದಸ್ಯರನ್ನು, ಆರಿಸುತ್ತಿದ್ದದ್ದು ಜನರಲ್ಲ, ರಾಜ್ಯದ ಶಾಸಕರು. 1899ರಲ್ಲಿ ಈತ ಅವರಿಗೆ ಲಂಚ ಕೊಟ್ಟು ಸೆನೆಟ್ ಸೀಟು ಹಿಡಿದ. ವಿಚಾರಣೆ ಬಿಗಿಯಾದಾಗ ರಾಜೀನಾಮೆ ಕೊಟ್ಟ. ಗಣಿ ದುಡ್ಡು ಓಟಿನ ಬಳಿ ಬಂದರೆ ಏನಾಗುತ್ತದೆ ಅಂತ ಬಳ್ಳಾರಿಯವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಾಂಟಾನಾ ಜನರಿಗೂ ರೋಸಿಹೋಗಿತ್ತು. 1912ರಲ್ಲಿ ತಾವೇ ಓಟು ಹಾಕಿ ಕಂಪನಿ ಖರ್ಚನ್ನು ತಡೆದರು. ನೂರು ವರ್ಷ ಬಾಳಿದ ಆ ಕಾನೂನನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಮೌಖಿಕ ವಾದವನ್ನೂ ಕೇಳದೆ ತೆಗೆದುಹಾಕಿತು. ಸಿಟಿಜನ್ಸ್ ಯುನೈಟೆಡ್ ಇದೆಯಲ್ಲ, ಮುಗಿಯಿತು ಅಂತ. ನನಗೆ ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಉಳಿದ ದಾರಿ ಎರಡೇ. ಕೋರ್ಟು ಮನಸ್ಸು ಬದಲಿಸಬೇಕು, ಇಲ್ಲಾ ತಿದ್ದುಪಡಿ ಬರಬೇಕು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, ಆಮೇಲೆ 38 ರಾಜ್ಯಗಳ ಒಪ್ಪಿಗೆ. 2014ರಲ್ಲಿ ಇಂಥದ್ದೊಂದು ತಿದ್ದುಪಡಿಯ ಕರಡು ಬಂದಾಗ ಸೆನೆಟ್‌ನಲ್ಲಿ 54-42 ಮತ ಬಿತ್ತು. ಚರ್ಚೆ ಮುಗಿಸಿ ಮುಂದೆ ಹೋಗಲಿಕ್ಕೇ 60 ಬೇಕಿತ್ತು. ನಿಮ್ಮ ಓಟು ಅಲ್ಲೇ ಕಾಯುತ್ತಿದೆ.

ಜಯನಗರ 4ನೇ ಬ್ಲಾಕ್:
ನಮ್ಮಲ್ಲಿ ಉಲ್ಟಾ ಆಯಿತು ನೋಡಿ. ಕಂಪನಿ ತನ್ನ ಸರಾಸರಿ ಲಾಭದ 7.5% ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ತೆಗೆದು, ಕೊಟ್ಟವರ ಹೆಸರು ಜನರಿಗೆ ತಿಳಿಯದ ಚುನಾವಣಾ ಬಾಂಡ್ ತಂದರು. 2024ರ ಫೆಬ್ರುವರಿ 15ರಂದು ನಮ್ಮ ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ಬಾಂಡನ್ನು ರದ್ದು ಮಾಡಿದ್ದಂತೂ ವಾಕ್ ಸ್ವಾತಂತ್ರ್ಯದ ವಿಧಿಯನ್ನೇ ಹಿಡಿದು: ಪಕ್ಷಕ್ಕೆ ದುಡ್ಡು ಯಾರಿಂದ ಬಂತು ಅಂತ ತಿಳಿಯುವುದು ಮತದಾರನ ಹಕ್ಕು. ಆದರೆ ನನಗೊಂದು ಅನುಮಾನ. ಹಕ್ಕು ಮನುಷ್ಯರಿಗೆ ಮಾತ್ರ ಅಂತ ಬರೆದರೆ ಪತ್ರಿಕೆಗಳ ಗತಿ? ಕಾರ್ಮಿಕ ಸಂಘಗಳು? ನಿಮ್ಮ ಕನ್ನಡ ಸಂಘ?

ಬಳ್ಳಾರಿ ಹುಡುಗ:
ಒಳ್ಳೇ ಪ್ರಶ್ನೆ ಸರ್. ಅದಕ್ಕೇ 2014ರ ಕರಡು ನನಗೆ ಜಾಸ್ತಿ ಹಿಡಿಸುತ್ತದೆ. ಅದು ಎಲ್ಲ ಹಕ್ಕು ಕಿತ್ತುಕೊಳ್ಳುವುದಿಲ್ಲ. ಚುನಾವಣಾ ಖರ್ಚಿಗೆ ಮಿತಿ ಹಾಕುವ ಅಧಿಕಾರವನ್ನು ಕಾಂಗ್ರೆಸ್‌ಗೂ (ಅಮೆರಿಕದ ಸಂಸತ್ತು) ರಾಜ್ಯಗಳಿಗೂ ಕೊಡುತ್ತದೆ, ಪತ್ರಿಕಾ ಸ್ವಾತಂತ್ರ್ಯ ಮುಟ್ಟಬಾರದು ಅಂತ ಬೇರೆಯಾಗಿ ಬರೆದಿದೆ. 735ರ ಮಾತು ಅದಕ್ಕಿಂತ ಒರಟು. ಆದರೂ ನಾನು ಅಲ್ಲಿದ್ದಿದ್ದರೆ ಅದಕ್ಕೂ ಹೌದು ಅಂತಲೇ ಒತ್ತುತ್ತಿದ್ದೆ.

ಆಗದ ಮಾತು ಅನ್ನಬೇಡಿ. ಸೆನೆಟರನ್ನು ಜನರೇ ಆರಿಸುವಂತಾದದ್ದು 1913ರ 17ನೇ ತಿದ್ದುಪಡಿಯಿಂದ. ಕ್ಲಾರ್ಕ್‌ನಂಥವರ ಹಗರಣಗಳೇ ಅದಕ್ಕೆ ದಾರಿ ಮಾಡಿದ್ದು.

ಸಿಯಾಟಲ್ ಕನ್ನಡತಿ:
ಥ್ಯಾಂಕ್ಸ್ ರೀ. 2014ರ ಕರಡನ್ನು ಹುಡುಕಿ ಓದುತ್ತೇನೆ. ಇಲ್ಲಿ ಸಿಟಿ ಚುನಾವಣೆಗೆ 25 ಡಾಲರಿನ ನಾಲ್ಕು ವೋಚರ್ ಕೊಡುತ್ತಾರೆ, ಇಷ್ಟದ ಅಭ್ಯರ್ಥಿಗೆ ಕೊಡಬಹುದು. ಗ್ರೀನ್ ಕಾರ್ಡ್ ಇದ್ದರೂ ಸಿಗುತ್ತದೆ. ಗೊತ್ತಿಲ್ಲದ ಕನ್ನಡಿಗರಿಗೆ ದಯವಿಟ್ಟು ತಿಳಿಸಿ.