ಮೊದಲ ಮನೆ: ಕೆಳಗೆ ನಾವು, ಮೇಲೆ ಬಾಡಿಗೆಗೆ – ಈ ಲೆಕ್ಕ ಸರಿಯೇ?

ಪ್ರಶ್ನೆ:
ಬೆಂಗಳೂರಿನ ಕೆಂಗೇರಿಯ ಆಚೆ 20×30 ನಿವೇಶನದಲ್ಲಿರುವ, ನೆಲಮಹಡಿ ಮತ್ತು ಎರಡು ಅಂತಸ್ತುಗಳ ಮನೆಯೊಂದನ್ನು 1.10 ಕೋಟಿ ರೂಪಾಯಿಗೆ ಕೊಳ್ಳಬೇಕೆಂದಿದ್ದೇವೆ. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗದ ಕಾರಣ ನಾವು ಕೆಳಗಿದ್ದು, ಮೇಲಿನ ಎರಡು ಮನೆಗಳನ್ನು ಬಾಡಿಗೆಗೆ ಕೊಡುತ್ತೇವೆ. ತಿಂಗಳಿಗೆ ಸುಮಾರು 25,000 ರೂಪಾಯಿ ಬರಬಹುದು. ಅದನ್ನು ನಂಬಿ 80 ಲಕ್ಷ ಸಾಲ ಮಾಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 80 ಲಕ್ಷದ ಕಂತು ತಿಂಗಳಿಗೆ 69,000 ರೂಪಾಯಿ ದಾಟುತ್ತದೆ. ಮೇಲಿನ ಎರಡೂ ಮನೆಗಳು ನಾಲ್ಕು ತಿಂಗಳು ಖಾಲಿ ಬಿದ್ದರೂ ಸಂಬಳದಿಂದಲೇ ಇದನ್ನು ಕಟ್ಟಲು ಸಾಧ್ಯವಿದ್ದರೆ ಮಾತ್ರ ಮುಂದುವರಿಯಿರಿ. ಸಾಲ 75 ಲಕ್ಷ ಮೀರಿದರೆ ಬ್ಯಾಂಕು ಮನೆಯ ಮೌಲ್ಯದ ಶೇ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಮುದ್ರಾಂಕ ಶುಲ್ಕ ಮತ್ತು ನೋಂದಣಿ ವೆಚ್ಚವನ್ನು ಆ ಮೌಲ್ಯಕ್ಕೆ ಸೇರಿಸುವುದೂ ಇಲ್ಲ. 2025ರ ಆಗಸ್ಟ್ ಅಂತ್ಯದಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿರುವುದರಿಂದ, ಮುದ್ರಾಂಕ ಶುಲ್ಕ ಮತ್ತು ಉಪಕರಗಳೂ ಸೇರಿ ಒಟ್ಟು ಶೇ 7.6ರಷ್ಟು, ಅಂದರೆ ಎಂಟು ಲಕ್ಷಕ್ಕೂ ಹೆಚ್ಚು ಹಣವನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಉತ್ತರ 2:
ಬಾಡಿಗೆಗಿಂತ ಮೊದಲು ಕಾಗದಪತ್ರಗಳನ್ನು ನೋಡಿ. ಇಷ್ಟು ಚಿಕ್ಕ ನಿವೇಶನಗಳಲ್ಲಿ ಮಂಜೂರಾದ ನಕ್ಷೆಗಿಂತ ಒಂದು ಅಂತಸ್ತು ಹೆಚ್ಚು ಕಟ್ಟಿರುವುದು ಸಾಮಾನ್ಯ. ನೀವು ಆದಾಯವನ್ನು ನಿರೀಕ್ಷಿಸುತ್ತಿರುವುದು ಆ ಅಂತಸ್ತಿನಿಂದಲೇ ಆಗಿದ್ದರೆ ಯೋಜನೆಯ ಬುಡವೇ ಸಡಿಲ. ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಇದೆಯೇ, ಅದು ನಿಯಮಬದ್ಧ ಆಸ್ತಿಗಳ ಎ ಖಾತಾವೋ ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿಗಳ ಬಿ ಖಾತಾವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಬಿ ಖಾತಾ ಮನೆಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೀವೇ ತೆಗೆಸಬಹುದು.

ತೆರಿಗೆಯಲ್ಲಿ ಸ್ವಲ್ಪ ಅನುಕೂಲವಿದೆ. ಹೊಸ ಪದ್ಧತಿಯಲ್ಲಿ ನೀವು ವಾಸಿಸುವ ಭಾಗದ ಸಾಲದ ಬಡ್ಡಿಗೆ ಕಡಿತ ಸಿಗುವುದಿಲ್ಲ; ಆದರೆ ಬಾಡಿಗೆಗೆ ಕೊಟ್ಟ ಭಾಗಕ್ಕೆ, ಕಟ್ಟಿದ ಆಸ್ತಿ ತೆರಿಗೆ ಕಳೆದ ಬಾಡಿಗೆಯಲ್ಲಿ ಶೇ 30ರಷ್ಟನ್ನೂ ಆ ಭಾಗಕ್ಕೆ ಸಲ್ಲುವ ಬಡ್ಡಿಯನ್ನೂ ಕಳೆಯಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡನೆಯ ಅಂತಸ್ತನ್ನು ಭೋಗ್ಯಕ್ಕೆ ಹಾಕಿ, ಬಂದ ಇಡುಗಂಟಿನಿಂದ ಸಾಲ ತಗ್ಗಿಸಿದರೆ ಹೇಗೆ?

ಉತ್ತರ 3:
ದಯವಿಟ್ಟು ಬೇಡ. ಆ ಹಣ ಅವಧಿ ಮುಗಿದ ದಿನ ಪೂರ್ತಿಯಾಗಿ ಹಿಂದಿರುಗಿಸಬೇಕಾದ ಇನ್ನೊಂದು ಸಾಲ; ಅಲ್ಲದೆ ಬ್ಯಾಂಕಿಗೆ ಅಡವಾಗಿರುವ ಮನೆಯನ್ನು ಅದರ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಟ್ಟರೆ, ಕಂತು ತಪ್ಪಿದಾಗ ಬೀದಿಗೆ ಬರುವುದು ನಿಮ್ಮನ್ನು ನಂಬಿ ಹಣ ಕೊಟ್ಟ ಕುಟುಂಬ. ಮಾಮೂಲಿ ಬಾಡಿಗೆಗೇ ಕೊಡಿ. ಮೂರು ಮನೆಗಳಿಗೂ ಬೇರೆ ಬೇರೆ ವಿದ್ಯುತ್ ಮೀಟರ್ ಇದೆಯೇ, ಮೆಟ್ಟಿಲು ಹೊರಗಿನಿಂದಲೇ ಇದೆಯೇ, ಬೇಸಿಗೆಯಲ್ಲಿ ನೆಲದಡಿಯ ತೊಟ್ಟಿಗೆ (ಸಂಪ್) ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಈಗ ಅಲ್ಲಿ ವಾಸವಿರುವವರನ್ನೇ ಕೇಳಿ ತಿಳಿದುಕೊಳ್ಳಿ.